ಹದಿನೇಳನೇ ತಾರೀಕಿನ ಲೈನು

ಗೋವಿನಕೋವಿಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವ ಮನಸ್ಸು ಮಾಡಿದರೆ, ಹೊಳೆ ದಂಡೆಯ ಮಾಪನ ಕೊಠಡಿಯಲ್ಲಿ ಒಂದು ಬೂದು ಡಬ್ಬಿಯ ಹಸಿರು ದೀಪ ಹತ್ತದೇ ಹೋದ ಸಂಗತಿಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಡಬೇಕಾದೀತು. ದೀಪ ಕಡಲೆಕಾಳಿಗಿಂತ ದೊಡ್ಡದಲ್ಲ. ಅದರ ಬೆಳಕಿನಲ್ಲಿ ಏನನ್ನೂ ಓದಲಾಗದು, ಕಳೆದದ್ದನ್ನು ಹುಡುಕಲಾಗದು. ಆದರೂ ನಾಗರತ್ನ ಎಂಬ ನಲವತ್ತೊಂದು ವರ್ಷದ ಹೆಂಗಸು ಇವತ್ತು ಕೆಲಸಕ್ಕೆ ಬಂದಿದ್ದಾಳೆ ಎಂಬುದಕ್ಕೆ ಇಲಾಖೆ ನಂಬುತ್ತಿದ್ದ ಏಕೈಕ ಸಾಕ್ಷಿ ಅದೇ.

ಮೂವತ್ತೆಂಟನೆಯ ದಿನವೂ ಅದು ಹತ್ತಲಿಲ್ಲ.

"ಇನ್ನೊಂದ್ಸಲ ಒತ್ತಿ ನೋಡವ್ವ," ಎಂದ ಬಾಗಿಲಲ್ಲಿ ನಿಂತಿದ್ದ ತಿಪ್ಪೇಶಪ್ಪ. ಪಕ್ಕದ ಪಂಪ್‌ಹೌಸಿನ ನೀರಗಂಟಿ ಅವನು. ಊರಿಗೆ ನೀರು ಬಿಟ್ಟು, ಬೀಡಿ ಹಚ್ಚಿಕೊಂಡು, ಎಂಟು ಗಂಟೆಗೆ ಈ ಡಬ್ಬಿ ಕೂಗುವುದನ್ನು ಕೇಳಿಯೇ ಚಹಾಕ್ಕೆ ಹೋಗುವುದು ಅವನ ಎಷ್ಟೋ ವರ್ಷಗಳ ರೂಢಿ.

ನಾಗರತ್ನ ಮತ್ತೆ ಒತ್ತಿದಳು. ಮೊದಲು ತನ್ನ ನಾಲ್ಕಂಕಿಯ ನಂಬರು, ಆಮೇಲೆ ಹೊಳೆಯ ಮಟ್ಟ, ಕೊನೆಗೆ ಕೆಂಪು ಗುಂಡಿ. ಡಬ್ಬಿ ಟಕಟಕ ಎಂದು ಕಚೇರಿಯ ಮೋಡೆಮ್ಮಿಗೆ ಫೋನು ಹಚ್ಚಿತು. ಆ ತುದಿಯಿಂದ ಕೀಂ ಎಂದು ಬಂತು, ಈ ತುದಿಯಿಂದ ಇದೂ ಕೀಂ ಎಂದಿತು. ಎರಡೂ ಕರ್ರ್ ಎಂದು ಒಂದನ್ನೊಂದು ಹಿಡಿದುಕೊಳ್ಳಲು ನೋಡಿದವು. ನಡುವೆ ಎಲ್ಲೋ ಒಂದು ಚೂರು ಸದ್ದು ಬಿದ್ದುಹೋಯಿತು. ಮತ್ತೆ ಮೊದಲಿನಿಂದ ಕೀಂ. ಮೂರು ಸಲ ಹಾಗಾದ ಮೇಲೆ ಡಬ್ಬಿ ಸೋತು ಬಾಯಿ ಮುಚ್ಚಿತು.

"ಹೋತು," ಎಂದ ತಿಪ್ಪೇಶಪ್ಪ.

ನಾಗರತ್ನ ಪುಸ್ತಕದಲ್ಲಿ ಎರಡು ಬಿಂದು ಎಂಟು ನಾಲ್ಕು ಎಂದು ಬರೆದಳು. ಹೊಳೆ ನಿನ್ನೆಗಿಂತ ಎರಡು ಬೆರಳು ಇಳಿದಿತ್ತು. ಮೆಟ್ಟಿಲಿಗೆ ಹೊಡೆದ ಅಳತೆಪಟ್ಟಿಯ ಫೋಟೋ ತೆಗೆದು ಮೊಬೈಲಿನಲ್ಲಿ ಕಚೇರಿಗೂ ಕಳಿಸಿದಳು. ಅದನ್ನು ಅಲ್ಲಿ ಬಹಳ ಗೌರವದಿಂದ ಸ್ವೀಕರಿಸುತ್ತಿದ್ದರು. ಹೊಳೆಯ ಮಟ್ಟಕ್ಕೆ ಫೋಟೋ ಸಾಕು. ಓದಿದವಳ ಹಾಜರಿಗೆ ಮಾತ್ರ ಮೋಡೆಮ್ಮೇ ಹೇಳಬೇಕು. ಹೊಸ ಯಂತ್ರದ ಟೆಂಡರು ಮೂರು ವರ್ಷದಿಂದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಪ್ರಯಾಣ ಮಾಡುತ್ತಲೇ ಇತ್ತು.

ದಿನಗೂಲಿಯ ಕೆಲಸ. ಸೇವೆ ಮುರಿಯದೆ ಹತ್ತು ವರ್ಷ ಮಾಡಿದವರನ್ನು ಖಾಯಂ ಮಾಡುತ್ತೇವೆಂದು ಆದೇಶವಿತ್ತು. ನಾಗರತ್ನಳದು ಒಂಬತ್ತು ವರ್ಷ ಹತ್ತು ತಿಂಗಳು ಆಗಿತ್ತು. ವರ್ಷವೊಂದರಲ್ಲಿ ಮೂವತ್ತು ದಿನಕ್ಕಿಂತ ಹೆಚ್ಚು ಗೈರಾದರೆ ಸೇವೆ ಮುರಿದಂತೆ, ಎಣಿಕೆ ಮತ್ತೆ ಒಂದರಿಂದ. ಅದೂ ಅದೇ ಆದೇಶದ ಹಿಂಬದಿಯಲ್ಲಿ, ಸ್ವಲ್ಪ ಸಣ್ಣ ಅಕ್ಷರದಲ್ಲಿ ಇತ್ತು.

ಅಷ್ಟು ಹೊತ್ತಿಗೆ ಸತೀಶ್ ಕುಮಾರನ ಬೈಕು ಬಂದು ನಿಂತಿತು. ನ್ಯಾಮತಿಯಲ್ಲಿ ಕೂತು ಸುತ್ತಲಿನ ಹಳ್ಳಿಗಳಿಗೆ ಇಂಟರ್ನೆಟ್ ಕೊಡುವವನು. ಮೂವತ್ತೆಂಟು ದಿನದ ಹಿಂದೆ ಊರಿನ ಹಳೆಯ ತಾಮ್ರದ ತಂತಿ ಕಿತ್ತು, ಕೂದಲೆಳೆಯಂಥ ಹೊಸ ಲೈನು ಎಳೆದು, "ಅದೇ ನಂಬರು ಅಕ್ಕ, ಅದೇ ಫೋನು, ಒಳಗಡೆ ಮಾತ್ರ ಇಂಟರ್ನೆಟ್ಟು" ಎಂದು ಹೇಳಿ ಹೋದವನೂ ಅವನೇ. ಅವತ್ತಿನಿಂದ ಇದು ಅವನ ಆರನೆಯ ಭೇಟಿ. ಬೆನ್ನ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಡಬ್ಬಿಗೆ ವೈರು ಸಿಕ್ಕಿಸಿ ಕೂತ.

"ಸ್ಪೀಡು ಇನ್ನಾ ಕಡಿಮೆ ಮಾಡೀನಿ. ಇದಕ್ಕಿಂತ ಕಡಿಮೆ ಅಂದ್ರೆ ನಡ್ಕೊಂಡು ಹೋಗಿ ಹೇಳಿ ಬರೋದೇ ವಾಸಿ."

"ಮಾತಾಡಿದ್ರೆ ಚೆಂದ ಕೇಳ್ತೈತಲ್ಲೋ ಮಾರಾಯ," ಎಂದ ತಿಪ್ಪೇಶಪ್ಪ. "ಮೊನ್ನೆ ಇದೇ ಫೋನಾಗೆ ಚನ್ನಗಿರಿಯ ನನ್ನ ಬೀಗರತ್ರ ಅರ್ಧ ತಾಸು ಮಾತಾಡೀನಿ. ಎದುರಿಗೆ ಕುಂತಂಗೆ ಕೇಳ್ತು. ಈ ಡಬ್ಬಿಗೇನು ಕಿವುಡಾ?"

"ಮಾತು ಬ್ಯಾರೆ ತಿಪ್ಪೇಶಣ್ಣ. ಈ ಫೋನು ನಿಮ್ಮ ಮಾತನ್ನ ಸಣ್ಣ ಸಣ್ಣ ಚೂರು ಮಾಡಿ ಕಳಿಸ್ತೈತೆ. ನಾಕು ಚೂರು ದಾರಿಯಾಗೆ ಬಿದ್ದೋದ್ರೂ ನಿಮ್ಮ ಬೀಗರು ಹೊಂದಿಸ್ಕೊಂತಾರೆ."

"ನಮ್ಮ ಬೀಗ ಪೂರ್ತಿ ಹೇಳಿದ್ರೂ ಹೊಂದಿಸ್ಕಳಲ್ಲ."

"ಈ ಡಬ್ಬಿ ಹಂಗಲ್ಲ. ಒಂದು ಚೂರು ತಪ್ಪಿತು ಅಂದ್ರೆ ಅಷ್ಟೂ ತಪ್ಪು. ಮೊದ್ಲಿಂದ ಶುರು." ಸತೀಶ ಕಣ್ಣು ತೆಗೆಯದೆ ಲ್ಯಾಪ್‌ಟಾಪನ್ನೇ ನೋಡುತ್ತಿದ್ದ. "ಬೀದಿಗೆಲ್ಲ ಲೈನು ಒಂದೇ ನೋಡ್ರಿ. ಬೆಳಗ್ಗೆ ಎಂಟು ಅಂದ್ರೆ ಮನೆಮನೆಯಾಗೂ ಟೀವಿ ಇಂಟರ್ನೆಟ್ ಮ್ಯಾಲೇ ಓಡ್ತೈತೆ. ಕೈಗೊಂದು ಮೊಬೈಲು. ಆ ನೂಕುನುಗ್ಗಲಾಗೆ ಈ ಬಡಪಾಯಿ ಚೂರು ಹೆಂಗೆ ಹೋಗ್ಬೇಕು?"

"ಹಂಗಾರೆ ಹದಿನೇಳನೇ ತಾರೀಕು ಹೆಂಗೆ ಹತ್ತಿತೋ?" ತಿಪ್ಪೇಶಪ್ಪ ಕೇಳಿದ. "ಒಂದೇ ಸಲಕ್ಕೆ ಹತ್ತಿತು."

"ಅವತ್ತು ಲೈನಿಗೆ ಲೈನೇ ಖಾಲಿ ಇತ್ತಲ್ಲ. ಹಿಂದಿನ ರಾತ್ರಿಯಿಂದಾನೇ ಈ ಬೀದಿ ಒಂದು ಚೂರೂ ಇಂಟರ್ನೆಟ್ ಎಳೆದಿಲ್ಲ. ನನ್ನ ಮೊಬೈಲಿನಾಗೆ ಬೀದಿಯ ಬಳಕೆ ತೋರ್ಸೋ ಗೆರೆ ಸಪಾಟು. ಕೇಬಲ್ ಕಟ್ಟಾಗೈತೆ ಅಂತ ನಾನು ನ್ಯಾಮತಿಯಿಂದ ಸಾಮಾನು ತುಂಬ್ಕೊಂಡು ಓಡಿ ಬಂದೆ. ಬಂದು ನೋಡಿದ್ರೆ..."

ಸತೀಶ ಅಲ್ಲಿಗೆ ನಿಲ್ಲಿಸಿದ. ಬಂದು ನೋಡಿದರೆ ಅವನಿಗೆ ಎದುರಾದದ್ದು ನಾಗರತ್ನಳ ಗಂಡ ಭೀಮೇಶನ ಹೆಣ. ಸಾವಾದ ಬೀದಿಯಲ್ಲಿ ಹೆಣ ಎತ್ತುವ ತನಕ ಯಾರೂ ಒಲೆ ಹಚ್ಚುವುದಿಲ್ಲ. ಟೀವಿ ಬಂದ ಮೇಲೆ ಟೀವಿಯನ್ನೂ ಆ ಕಟ್ಟಳೆಗೆ ಸೇರಿಸಿಕೊಂಡಿದ್ದರು. ಮೊಬೈಲು ಬಂದ ಮೇಲೆ, ಯಾರೂ ಹೇಳದೆಯೇ, ಅದನ್ನೂ ಜೇಬಿಗೆ ಹಾಕಿಕೊಂಡು ನಿಲ್ಲುತ್ತಿದ್ದರು.

"ಓ," ಎಂದ ತಿಪ್ಪೇಶಪ್ಪ. ಏನೋ ಲೆಕ್ಕ ಕೂಡಿಬಂದವನ ಹಾಗೆ ತಲೆ ಆಡಿಸಿದ.

ನಾಗರತ್ನ ಅಳತೆಪಟ್ಟಿ ಒರೆಸುವ ಬಟ್ಟೆಯನ್ನು ಹಿಂಡಿ ಕಿಟಕಿಗೆ ಹಾಕಿದಳು. ಇಪ್ಪತ್ತೊಂದು ದಿನದಿಂದ ಅವಳಿಗೆ ಹೀಗೆಯೇ. ಮಾತು ಕಿವಿಗೆ ಬರುತ್ತಿತ್ತು, ಅರ್ಥವೂ ಆಗುತ್ತಿತ್ತು, ಅಲ್ಲಿಂದ ಮುಂದೆ ಎಲ್ಲಿಗೂ ಹೋಗುತ್ತಿರಲಿಲ್ಲ. ಭೀಮೇಶ ಹದಿನಾರರ ಸಂಜೆ ಹೊನ್ನಾಳಿ ಸಂತೆಗೆ ಮೂಟೆ ಹೊಡೆದು ಬಂದು, ಲಗೇಜ್ ಆಟೋ ಮನೆ ಮುಂದೆ ತಿರುಗಿಸಿ ನಿಲ್ಲಿಸಿ, ಸೀಟಿನ ಮೇಲೇ ಎದೆ ಹಿಡಿದುಕೊಂಡ. ಆಟೋ ಇನ್ನೂ ಹಾಗೇ ನಿಂತಿತ್ತು, ಮೂತಿ ರಸ್ತೆಯ ಕಡೆಗೆ. ಮಣ್ಣು ಮಾಡಿದ ಮರುದಿನವೇ ಅವಳು ಏಳೂವರೆಗೆ ಹೊಳೆಯ ಕಡೆ ಹೊರಟಾಗ ಎದುರುಮನೆಯ ಗಾದ್ರಮ್ಮ ಅಡ್ಡ ಬಂದಿದ್ದಳು. "ಹನ್ನೊಂದು ದಿನ ಹೊಸಲು ದಾಟಬಾರದು ಕಣವ್ವ." ನಾಗರತ್ನ "ಹ್ಞೂಂ" ಎಂದು ದಾಟಿದ್ದಳು. ಮನೆಯಲ್ಲಿ ಜನ ಬಹಳ ಇದ್ದರು.

ಹದಿನೇಳರಂದು ಮಾತ್ರ ಅವಳು ಬಂದಿರಲಿಲ್ಲ. ಬೆಳಗ್ಗೆ ಎಂಟಕ್ಕೆ ತಿಪ್ಪೇಶಪ್ಪನೇ ಪಟ್ಟಿ ನೋಡಿ, ಅವಳು ದಿನಾ ಬಾಯಲ್ಲಿ ಗುನುಗುತ್ತಲೇ ಒತ್ತುತ್ತಿದ್ದ ನಾಲ್ಕಂಕಿಯನ್ನು ಒತ್ತಿ, ಹಸಿರು ದೀಪ ಹತ್ತಿಸಿ, ಬಾಗಿಲು ಹಾಕಿಕೊಂಡು ಹೆಣ ಹೊರಲು ಬಂದಿದ್ದ. ಮೂರನೆಯ ದಿನ ಅವಳಿಗೆ ಹೇಳಿದ. "ಒಂದು ದಿನಾನೂ ತಪ್ಪಬಾರದು ಅಂತ ಒತ್ತಿದೆ ಕಣವ್ವ. ಯಾರತ್ರಾನೂ ಅನ್ನಾಕೆ ಹೋಗಬ್ಯಾಡ." ಡಬ್ಬಿಯ ಮೇಲುಗಡೆಯ ಗೋಡೆಗೆ ಇಲಾಖೆಯ ತಗಡಿನ ಫಲಕವಿತ್ತು: ಇನ್ನೊಬ್ಬರ ಸಂಖ್ಯೆ ಬಳಸುವುದು ಅಪರಾಧ, ಪೊಲೀಸ್ ದೂರು ದಾಖಲಿಸಲಾಗುವುದು. ತಿಪ್ಪೇಶಪ್ಪ ನಿವೃತ್ತಿಗೆ ಎರಡು ವರ್ಷ ಇದ್ದವನು.

"ಲೈನು ಕೆಟ್ಟೈತೆ ಅಂತ ಒಂದು ಚೀಟಿ ಬರ್ಕೊಡಲೇ ಸತೀಶ," ಎಂದ ತಿಪ್ಪೇಶಪ್ಪ.

"ಲೈನು ಕೆಟ್ಟಿಲ್ಲಲ್ಲಣ್ಣ. ಲೈನು ಚೆನ್ನಾಗೇ ಐತೆ. ಡಬ್ಬಿ ಹಳೇದು. ನಾನೇ ನನ್ನ ಲೈನು ಕೆಟ್ಟೈತೆ ಅಂತ ಬರ್ಕೊಟ್ರೆ ನಾಳೆ ಊರವರೆಲ್ಲ ದುಡ್ಡು ವಾಪಸ್ ಕೇಳ್ತಾರೆ." ಸತೀಶ ವೈರು ಸುತ್ತಿಕೊಂಡ. "ಬೇಜಾರು ಮಾಡ್ಕೋಬ್ಯಾಡ ಅಕ್ಕ."

"ಇಲ್ಲ," ಎಂದಳು ನಾಗರತ್ನ. ಅವಳಿಗೆ ಬೇಜಾರಾಗಿರಲಿಲ್ಲ.

ಅವನ ಬೈಕಿನ ಸದ್ದು ಹೊಳೆಯ ಏರಿಯನ್ನು ದಾಟುವಷ್ಟರಲ್ಲಿ ಫೋನು ಬಂತು. ಕಚೇರಿಯಲ್ಲಿ ಹಾಜರಿಯ ಫೈಲು ನೋಡುವ ಚೈತ್ರಶ್ರೀ. ಮುಖ ನೋಡಿದ್ದಿಲ್ಲ, ಒಂಬತ್ತು ವರ್ಷದಿಂದ ದನಿಯ ಪರಿಚಯ. ಇಂಟರ್ನೆಟ್ಟಿನ ಫೋನಿನಲ್ಲಿ ಅವಳ ದನಿ ಎದುರಿಗೇ ಕೂತಂತೆ ಕೇಳುತ್ತಿತ್ತು. ಒಂದು ಚೂರೂ ಬಿದ್ದಿರಲಿಲ್ಲ.

"ನಾಗರತ್ನಮ್ಮ, ನಾಳೆ ಬೆಳಗ್ಗೆ ಪ್ರದೀಪ್ ಸಾಹೇಬ್ರು ಬರ್ತಿದಾರೆ ಕಣ್ರೀ. ನಾನೇ ಫೈಲು ಮುಂದಿಟ್ಟು ಕಳಿಸ್ತಿರೋದು. ಎಂಟು ಗಂಟೆಗೆ ಅವರ ಎದುರಿಗೇ ಒತ್ರಿ. ಹತ್ತಲ್ಲ ತಾನೆ?"

"ಹತ್ತಲ್ಲ ಮೇಡಂ."

"ಅಷ್ಟೇ ಸಾಕು. ಹತ್ತದೇ ಇರೋದನ್ನ ಸಾಹೇಬ್ರು ಕಣ್ಣಾರೆ ನೋಡಿ, ದೂರವಾಣಿ ದೋಷ ಅಂತ ಒಂದು ಸಾಲು ಬರ್ಕೊಂಡ್ರೆ, ಅಷ್ಟೂ ದಿನ ಹಾಜರಿ ಹಾಕ್ಬಹುದು. ಅವರು ಒಳ್ಳೇರು. ಹದಿನೇಳನೇ ತಾರೀಕು ಒಂದು ದಿನ ಹತ್ತಿದೆ ನೋಡ್ರಿ, ಅದೇ ಸ್ವಲ್ಪ ಗಂಟಲಲ್ಲಿ ಸಿಕ್ಕಂಗೆ ಆಗೈತೆ. ಇರ್ಲಿ ಬಿಡ್ರಿ, ಅಪ್ಪಿತಪ್ಪಿ ಹತ್ತಿತು ಅಂದ್ರಾಯ್ತು. ನಾಳೆ ಮಾತ್ರ ಹತ್ತಬಾರದು."

"ಹತ್ತಲ್ಲ," ಎಂದು ನಾಗರತ್ನ ಫೋನಿಟ್ಟಳು.

"ಏನಂತವ್ವ?" ಎಂದು ಕೇಳಿದ ತಿಪ್ಪೇಶಪ್ಪ.

"ನಾಳೆ ಎಂಟಕ್ಕೆ ಸಾಹೇಬ್ರು ಬರ್ತಾರಂತೆ. ಡಬ್ಬಿ ನೋಡಾಕೆ."

ಉಳಿದದ್ದನ್ನೂ ಹೇಳಬಹುದಿತ್ತು. ನಾಲ್ಕು ಮಾತು ಹೆಚ್ಚಾಗುತ್ತಿತ್ತು, ಅಷ್ಟೇ. ಈಚೆಗೆ ಅವಳಿಗೆ ಆ ನಾಲ್ಕು ಮಾತೇ ಏರು ಹತ್ತಿದಂತೆ ದಣಿವು ತರುತ್ತಿದ್ದವು. ಮೇಲಾಗಿ ಹೇಳುವ ಅಗತ್ಯವೂ ಕಾಣಲಿಲ್ಲ. ಹತ್ತದೇ ಇರುವುದು ಆ ಡಬ್ಬಿಗೆ ಈಗ ಚೆನ್ನಾಗಿ ಅಭ್ಯಾಸವಾಗಿತ್ತು.

"ಸಾಹೇಬ್ರಾ!" ಎಂದು ತಿಪ್ಪೇಶಪ್ಪ ಬೀಡಿ ಎಸೆದು ಎದ್ದ.

ಸಾಹೇಬರು ಎಂದರೆ ಏನು ಮಾಡಬೇಕೆಂಬುದು ತಿಪ್ಪೇಶಪ್ಪನಿಗೆ ಮೂವತ್ತು ವರ್ಷದಿಂದ ಗೊತ್ತಿತ್ತು. ಜಿಲ್ಲೆಯಿಂದ ನೀರಿನ ತಪಾಸಣೆ ಬರುತ್ತದೆಂದರೆ ಹಿಂದಿನ ರಾತ್ರಿಯೇ ಟ್ಯಾಂಕು ತುಂಬಿಸಿ, ವರ್ಷವಿಡೀ ಒಣಗಿದ್ದ ಮೇಲುಗೇರಿಯ ನಲ್ಲಿಯಲ್ಲೂ ಆ ಒಂದು ಗಂಟೆ ನೀರು ಧುಮುಕುವಂತೆ ಮಾಡುತ್ತಿದ್ದ. ಊರಿನ ಬೀದಿದೀಪಗಳು, ಅಂಗನವಾಡಿಯ ತೂಕದ ಯಂತ್ರ, ಶಾಲೆಯ ಗಡಿಯಾರ, ಎಲ್ಲವೂ ಸಾಹೇಬರು ಬಂದ ಹೊತ್ತಿಗೆ ಸರಿಯಾಗಿ ನಡೆಯುತ್ತಿದ್ದವು. ಬಂದವರ ಎದುರು ಕೆಟ್ಟದ್ದನ್ನು ಕೆಟ್ಟಂತೆಯೇ ತೋರಿಸಿದರೆ ಊರಿನ ಮಾನ ಹೋದಂತೆ.

ಆ ಸಂಜೆ ನಾಗರತ್ನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಾಗ, ತಿಪ್ಪೇಶಪ್ಪ ಸೈಕಲ್ಲು ತಳ್ಳಿಕೊಂಡು ಒಂದೊಂದೇ ಬಾಗಿಲಲ್ಲಿ ನಿಂತು ಮಾತಾಡುತ್ತಾ ಹೋದದ್ದನ್ನು ನೋಡಿದಳು. ನೀರಿನ ವಿಷಯ ಇರಬೇಕು ಎಂದುಕೊಂಡಳು. ಅಕ್ಕಿಯಲ್ಲಿ ಕಲ್ಲು ಬಹಳವಿತ್ತು.

ಬೆಳಗ್ಗೆ ಏಳೂವರೆಗೆ ಬಾಗಿಲು ಎಳೆದುಕೊಂಡು ಬೀದಿಗೆ ಇಳಿದವಳು ನಾಲ್ಕು ಹೆಜ್ಜೆ ಹಾಕಿ ನಿಂತಳು.

ಸದ್ದಿರಲಿಲ್ಲ. ಟೀವಿಯ ಭಕ್ತಿಗೀತೆ ಇಲ್ಲ, ಭವಿಷ್ಯ ಹೇಳುವ ಗುರುಗಳಿಲ್ಲ, ಮೊಬೈಲಿನೊಳಗಿಂದ ಒಂದೇ ನಗು ಹತ್ತು ಸಲ ನಗುವವರಿಲ್ಲ. ಜನ ಬಾಗಿಲುಗಳಲ್ಲಿ ನಿಂತಿದ್ದರು. ಕೈ ಕಟ್ಟಿಕೊಂಡು, ದನಿ ತಗ್ಗಿಸಿಕೊಂಡು, ಅವಳನ್ನೇ ನೋಡುತ್ತಾ. ಆಟೋದ ಕಡೆ ಅವಳ ಕಣ್ಣು ತಾನಾಗಿ ಹೋಯಿತು. ಅವತ್ತಿನಂತೆ ಅದರ ಪಕ್ಕ ಹೂವಿನ ಎಸಳು, ಮಂಡಕ್ಕಿ, ಚಿಲ್ಲರೆ ಕಾಸು ಬಿದ್ದಿರಬೇಕಿತ್ತು. ನೆಲ ಗುಡಿಸಿದ್ದರು.

"ಹೋಗಿ ಬಾರವ್ವ," ಎಂದಳು ಗಾದ್ರಮ್ಮ. "ತಿಪ್ಪೇಶಿ ಹೇಳ್ಯಾನೆ. ಒಂಬತ್ತರ ತನಕ ಒಬ್ರೂ ಒಂದು ಚೂರೂ ಎಳೆಯಲ್ಲ. ಒಲೆ ಮಾತ್ರ ಹಚ್ಚೀವಿ, ತಪ್ಪು ತಿಳಿಬ್ಯಾಡ."

ನಾಗರತ್ನ ಅವಳ ಮುಖವನ್ನು ನೋಡಿದಳು. ಹಾಕಿರಿ, ಎಲ್ಲಾ ಟೀವಿ ಹಾಕಿರಿ ಎಂದು ಕೂಗಬಹುದಿತ್ತು. ಹಾಗೆ ಕೂಗಲು ಎಲ್ಲಿಂದ ಉಸಿರು ತೆಗೆದುಕೊಳ್ಳಬೇಕೆಂದು ತಿಳಿಯಲಿಲ್ಲ. "ಹ್ಞೂಂ" ಎಂದು ಹೊಳೆಯ ಕಡೆ ನಡೆದಳು. ಬೀದಿ ಮುಗಿಯುವವರೆಗೂ ತನ್ನ ಚಪ್ಪಲಿಯ ಸದ್ದೇ ಅವಳಿಗೆ ಕೇಳಿಸಿತು.

ಪ್ರದೀಪ ಆಗಲೇ ಬಂದು ಮೆಟ್ಟಿಲ ಮೇಲೆ ನಿಂತಿದ್ದ. ಮೂವತ್ತರ ಆಸುಪಾಸು, ಕೈಯಲ್ಲಿ ಫೈಲು, ಪ್ಯಾಂಟಿನ ತುದಿ ಒದ್ದೆ. ಅವನು ಹೊಳೆಯನ್ನು ನೋಡುತ್ತಿದ್ದ ರೀತಿಯಲ್ಲಿ ತಪಾಸಣೆಗಿಂತ ಹೆಚ್ಚಿನ ಏನೋ ಇತ್ತು.

"ನಮ್ಮದು ಜಗಳೂರು ಕಡೆ ಸೊಕ್ಕೆ ಅಮ್ಮ. ನಮ್ಮಲ್ಲಿ ನೀರು ಅಳೆಯಾಕೆ ಪಟ್ಟಿ ಯಾಕೆ ಬೇಕು, ಲೋಟ ಸಾಕು," ಎಂದು ನಕ್ಕ. ಆಮೇಲೆ ನಗು ತಡೆದು, "ಯಜಮಾನ್ರ ವಿಷಯ ಚೈತ್ರಶ್ರೀ ಹೇಳಿದ್ರು. ಬಹಳ ಸಣ್ಣ ವಯಸ್ಸಂತೆ," ಎಂದ.

"ನಲವತ್ನಾಕು ಸಾರ್."

"ನೋಡೋಣ ಒತ್ರಿ. ಹತ್ತಲ್ಲ ಅಂತ ಗೊತ್ತು. ಇಂಟರ್ನೆಟ್ ಫೋನಿಗೂ ಈ ಹಳೇ ಮೋಡೆಮ್ಮಿಗೂ ಆಗಿಬರಲ್ಲ, ಎಲ್ಲ ಕಡೆ ಇದೇ ಕಥೆ. ಆದ್ರೆ ನೋಡದೇ ಬರೆಯಾಕೆ ಬರಲ್ಲ ನೋಡ್ರಿ." ಅವನು ಪೆನ್ನಿನ ಮುಚ್ಚಳ ತೆಗೆದು ಸಿದ್ಧನಾದ.

ಬಾಗಿಲಲ್ಲಿ ತಿಪ್ಪೇಶಪ್ಪ ಒಗೆದ ಅಂಗಿ ಹಾಕಿಕೊಂಡು ನಿಂತಿದ್ದ.

ಮೇಜಿನ ಮೇಲೆ ಅದೇ ಲೈನಿನ ಮಾತಾಡುವ ಫೋನಿತ್ತು. ಡಬ್ಬಿ ಕೂಗುವಾಗ ಅದರ ರಿಸೀವರನ್ನು ಒಂದು ಬೆರಳಿನಷ್ಟು ಎತ್ತಿದರೂ ಸಾಕು, ಕೂಗು ಕೆಟ್ಟು ಲೈನು ಮುರಿಯುತ್ತಿತ್ತು. ತಾಮ್ರದ ಕಾಲದಿಂದಲೂ ನಾಗರತ್ನಳಿಗೆ ಅದು ಗೊತ್ತು. ಅವಳು ಬಲಗೈಯಲ್ಲಿ ನಂಬರು ಒತ್ತಿದಳು, ಎರಡು ಬಿಂದು ಎಂಟು ಎರಡು ಒತ್ತಿದಳು, ಕೆಂಪು ಗುಂಡಿ ಒತ್ತಿದಳು. ಎಡಗೈಯನ್ನು ರಿಸೀವರಿನ ಮೇಲೆ ಇಟ್ಟಳು.

ಆ ತುದಿಯಿಂದ ಕೀಂ ಎಂದಿತು. ಈ ತುದಿಯಿಂದ ಇದೂ.

ಭೀಮೇಶ ಈ ಸದ್ದನ್ನು ಥೇಟು ಹೀಗೆಯೇ ಅಣಕಿಸುತ್ತಿದ್ದ. ಆಟೋ ಓಡಿಸುತ್ತಾ, ಊಟಕ್ಕೆ ಕೂತಾಗ, ನೆಂಟರೆದುರು. "ಅಲ್ಲಿರೋನು ನೀನ್ಯಾರು ಅಂತಾನೆ. ಇವಳು ನೀನ್ಯಾರು ಮೊದ್ಲು ಹೇಳು ಅಂತಾಳೆ. ಕೀಂ ಅಂತಾನೆ, ಕೀಂ ಅಂತಾಳೆ. ಆಮೇಲೆ ಜಗಳ ನೋಡು, ಕರ್ರ್ ಅಂತ. ಬೈದಾಡಿ ಬೈದಾಡಿ ಇಬ್ರೂ ಗಪ್ಪಾಗ್ತಾರೆ. ಗಪ್ಪಾದ್ರು ಅಂದ್ರೆ ಗಂಟು ಬಿತ್ತು ಅಂತ ತಿಳ್ಕ."

ಕರ್ರ್ ಎಂದಿತು. ನಾಗರತ್ನ ಕಿವಿಗೊಟ್ಟಳು. ಸದ್ದು ಎಲ್ಲೂ ಮುರಿಯಲಿಲ್ಲ. ಏರಿತು, ಗೊರಗೊರ ಆಯಿತು, ಮತ್ತೊಂದು ಸಲ ಏರಿತು. ಇಪ್ಪತ್ತು ಎಣಿಸುವಷ್ಟು ಹೊತ್ತು ಅವಳ ಎಡಗೈ ರಿಸೀವರಿನ ಮೇಲೆಯೇ ಇತ್ತು. ಎತ್ತಲಿಲ್ಲ.

ಆಮೇಲೆ ಎರಡೂ ಗಪ್ಪಾದವು. ಹಸಿರು ದೀಪ ಹತ್ತಿತು.

"ಅರೆ!" ಎಂದ ಪ್ರದೀಪ. ಖುಷಿಯಿಂದಲೇ ಎಂದದ್ದು. ಆ ಖುಷಿ ಮುಗಿದು ಅವನು ಫೈಲಿನ ಕಡೆ ನೋಡುವುದಕ್ಕೆ ಎರಡು ಕ್ಷಣ ಹಿಡಿಯಿತು. "ಇನ್ನೊಂದ್ಸಲ ಒತ್ರಿ."

ಇನ್ನೊಂದು ಸಲವೂ ಹತ್ತಿತು.

"ನಮ್ಮೂರಾಗೆ ಎಲ್ಲಾ ಸರಿ ಐತೆ ಸಾರ್," ಎಂದ ತಿಪ್ಪೇಶಪ್ಪ.

ಪ್ರದೀಪ ಕುರ್ಚಿ ಎಳೆದು ಕೂತ. ಪಟ್ಟಿಯ ಮೇಲೆ ಪೆನ್ನಿನ ತುದಿ ಓಡಿಸುತ್ತಾ, "ಲೈನು ಚೆನ್ನಾಗೇ ಐತಲ್ಲಮ್ಮ. ಮತ್ತೆ ಈ ಮೂವತ್ತೇಳು ದಿನ ಯಾಕೆ ಹತ್ತಲಿಲ್ಲ?" ಎಂದು ಕೇಳಿದ. ದನಿಯಲ್ಲಿ ಗದರಿಕೆ ಇರಲಿಲ್ಲ. ಉತ್ತರವೊಂದು ಸಿಕ್ಕರೆ ಬರೆದುಕೊಳ್ಳಲು ಅವನು ತಯಾರಿದ್ದ.

ಉತ್ತರ ನಾಗರತ್ನಳ ಬಳಿ ಇತ್ತು. ಅದನ್ನು ಹೇಳಿದರೆ ಇವತ್ತು ಯಾಕೆ ಹತ್ತಿತೆಂದು ಹೇಳಬೇಕು. ಇವತ್ತಿನದು ಹೇಳಿದರೆ ಹದಿನೇಳರಂದು ಯಾಕೆ ಹತ್ತಿತೆಂದು ಹೇಳಬೇಕು. ಅದನ್ನು ಹೇಳಿದರೆ ಬೀದಿಯೇ ಹೆಣದ ಮುಂದೆ ನಿಂತಿದ್ದಾಗ ಇಲ್ಲಿ ಒತ್ತಿದವರು ಯಾರು ಎಂಬಲ್ಲಿಗೆ ಬರಬೇಕು.

"ಗೊತ್ತಿಲ್ಲ ಸಾರ್."

"ಹದಿನೇಳಕ್ಕೆ ಹತ್ತೈತೆ." ಪ್ರದೀಪ ಪೆನ್ನು ನಿಲ್ಲಿಸಿದ. "ಯಜಮಾನ್ರು ತೀರ್ಕೊಂಡಿದ್ದು?"

"ಹದಿನಾರು ಸಂಜೆ. ಹದಿನೇಳಕ್ಕೆ ಮಣ್ಣಾಯ್ತು."

"ಹದಿನೇಳರ ಬೆಳಗ್ಗೆ ಎಂಟಕ್ಕೆ... ನೀವೇ ಬಂದು ಒತ್ತಿದ್ರಾ?"

ತಿಪ್ಪೇಶಪ್ಪನ ಬಾಯಿ ಅರ್ಧ ತೆರೆಯಿತು. ಒಗೆದ ಅಂಗಿಯೊಳಗೆ ಅವನು ಒಮ್ಮೆಗೇ ಸಣ್ಣಗಾದಂತೆ ಕಂಡ. ನಾಗರತ್ನ ಅವನ ಕಡೆ ನೋಡಲಿಲ್ಲ. ತಗಡಿನ ಫಲಕದ ಕಡೆಗೂ ನೋಡಲಿಲ್ಲ.

"ಹೌದು ಸಾರ್. ನಾನೇ."

ಪ್ರದೀಪ ಅವಳನ್ನು ಸ್ವಲ್ಪ ಹೊತ್ತು ನೋಡಿದ. ಗಂಡನ ಹೆಣ ಅಂಗಳದಲ್ಲಿರುವಾಗ ಹೊಳೆಯ ಮಟ್ಟ ನೋಡಲು ಬಂದು, ಫೈಲಿನ ಪ್ರಕಾರ ಉಳಿದ ದಿನಗಳಲ್ಲೆಲ್ಲ ಬಾರದ ಹೆಂಗಸಿನ ಬಗ್ಗೆ ಏನು ತಿಳಿಯಬೇಕೆಂದು ಅವನಿಗೆ ಹೊಳೆದಂತೆ ಕಾಣಲಿಲ್ಲ. ಆಮೇಲೆ ತಲೆ ಬಗ್ಗಿಸಿ ಬರೆದ. ದೂರವಾಣಿ ಸುಸ್ಥಿತಿಯಲ್ಲಿದೆ. ಎರಡು ಬಾರಿ ಪರೀಕ್ಷಿಸಲಾಯಿತು. ಅವಳ ಸಹಿ ತೆಗೆದುಕೊಂಡ. ತಿಪ್ಪೇಶಪ್ಪನದು ಸಾಕ್ಷಿ ಎಂದು ತೆಗೆದುಕೊಂಡ. ಹೋಗುವಾಗ ಇನ್ನೊಮ್ಮೆ ನೀರಿನ ಕಡೆ ನೋಡಿದ.

ಜೀಪು ಏರಿಯನ್ನು ದಾಟಿದ ಮೇಲೆ ತಿಪ್ಪೇಶಪ್ಪ ಒಳಗೆ ಬಂದ. "ನನ್ನ ಹೆಸರು ಎತ್ತದೆ ಇದ್ದೆಯಲ್ಲ ತಾಯಿ," ಎಂದ. ಆಮೇಲೆ ಸ್ವಲ್ಪ ಸುಧಾರಿಸಿಕೊಂಡು, "ಹೆಂಗಾದ್ರೂ ಊರಿನ ಮಾನ ಉಳೀತು ನೋಡು. ಎರಡು ಸಲಾನೂ ಹತ್ತಿತು," ಎಂದ.

"ಹ್ಞೂಂ. ಹತ್ತಿತು," ಎಂದಳು ನಾಗರತ್ನ.

ಒಂಬತ್ತಕ್ಕೆ ಅವಳು ಮನೆಗೆ ಹೊರಟಾಗ ಬೀದಿಯ ಟೀವಿಗಳು ಒಂದೊಂದಾಗಿ ಹತ್ತುತ್ತಿದ್ದವು. ಗಾದ್ರಮ್ಮನ ಮನೆಯೊಳಗೆ ಗುರುಗಳು ಕುಂಭ ರಾಶಿಯವರಿಗೆ ಏನೋ ಹೇಳುತ್ತಿದ್ದರು.

ಆದೇಶ ಆರು ದಿನಕ್ಕೆ ಬಂತು. ಮೂವತ್ತೇಳು ದಿನ ಅನಧಿಕೃತ ಗೈರು. ಸೇವೆ ಮುರಿದಿದೆ. ಆದೇಶ ತಲುಪಿದ ಮರುದಿನದಿಂದ ಎಣಿಕೆ ಹೊಸದಾಗಿ ಆರಂಭ.

ಮೊದಲನೆಯ ದಿನ ನಾಗರತ್ನ ಎಂಟು ಗಂಟೆಗೆ ಪಟ್ಟಿ ಓದಿ ಗುಂಡಿ ಒತ್ತಿದಳು. ಹತ್ತಲಿಲ್ಲ.